ಐದನೆಯ ತಂತಿ

ಐದನೆಯದೇ, ಹೌದು, ಐದನೆಯದೇ, ಹೆಡ್‌ಫೋನಿನೊಳಗೆ ನೊಣವೊಂದು ಸಿಕ್ಕಿಕೊಂಡ ಹಾಗೆ ಝೂಂ ಎನ್ನುತ್ತಿದೆ, ನಾನು ನಿಲ್ಲಿಸಿ ಆಯಿತು, ಎರಡೂ ಕೈ ಎತ್ತಿ ಆಯಿತು, ಅದು ಮಾತ್ರ ಇನ್ನೂ — ಅಂಗೈ ಇಟ್ಟೆ, ಸತ್ತಿತು. ಗಾಜಿನ ಆಚೆ ರೆಕಾರ್ಡಿಸ್ಟ್ ತಲೆ ಎತ್ತುವುದಿಲ್ಲ, ಅವನಿಗೆ ಕೇಳಿಸಿದೆ, ಕೇಳಿಸಿಕೊಳ್ಳುವುದೇ ಅವನ ಹೊಟ್ಟೆಪಾಡು, ಆದರೂ ಗುಂಡಿಗಳನ್ನೇ ನೋಡುತ್ತ ಕೂತಿದ್ದಾನೆ, ಹನ್ನೆರಡು ವರ್ಷದ ಪರಿಚಯಕ್ಕೆ ಅಷ್ಟು ದಾಕ್ಷಿಣ್ಯ. ಇನ್ನೊಂದು ತಗೊಳ್ಳೋಣ್ವಾ ಮೇಡಂ, ಸುಮ್ನೆ ಸೇಫ್ಟಿಗೆ. ಸೇಫ್ಟಿಗೆ ಎನ್ನುವ ಮಾತು ಮೂರನೆಯ ಟೇಕಿಗೆ ಸರಿ, ಇದು ಹನ್ನೊಂದನೆಯದು. ತಗೊಳ್ಳಿ ಅಂದೆ, ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸಿತು. ಹದಿನಾಲ್ಕು ಸೆಕೆಂಡಿನ ತುಣುಕು, ಸಿನಿಮಾದಲ್ಲಿ ಯಾರೋ ಯಾರಿಂದಲೋ ತಪ್ಪಿಸಿಕೊಂಡು ಓಡುವಾಗ ಹಿಂದೆ ಬರುವುದು, ಗಿಟಾರಿನ ಐದನೆಯ ತಂತಿಯಿಂದ ನಾಲ್ಕಕ್ಕೆ, ಮೂರಕ್ಕೆ, ತಿರುಗಿ ಐದಕ್ಕೆ, ಉಸಿರು ಬಿಡದೆ ಹೀಗೇ, ಕೊನೆಗೆ ಬೆರಳೇ ಒತ್ತದೆ ಐದನೆಯದನ್ನು ಖಾಲಿ ಬಿಟ್ಟು ಒಂದೇ ಒಂದು ಉದ್ದ ಸ್ವರ. ಖಾಲಿ ಐದನೆಯದರ ಸರದಿ ಕೊನೆಯಲ್ಲಿ. ಅಲ್ಲಿಯವರೆಗೆ ಅದು ಬಾಯಿ ಮುಚ್ಚಿಕೊಂಡಿರಬೇಕು. ಮೂವತ್ತು ವರ್ಷ ಇತ್ತು.

ಬೆರಳು ಎತ್ತುವುದೂ ಒಂದು ಮೀಟೇ, ಹೊಸಬರಿಗೆ ಇದು ಹೇಳಿದರೂ ತಿಳಿಯುವುದಿಲ್ಲ, ಒತ್ತಿದ ಬೆರಳು ಎದ್ದ ಕ್ಷಣ ತಂತಿ ನಡುಗುತ್ತದೆ, ನಿಧಾನದಲ್ಲಿ ಆ ನಡುಕ ಲೆಕ್ಕಕ್ಕಿಲ್ಲ, ವೇಗ ಹಿಡಿದರೆ ಅಷ್ಟೂ ನಡುಕ ಒಂದರ ಮೇಲೊಂದು ಬಿದ್ದು ಸಂತೆಗದ್ದಲ. ಅದಕ್ಕೇ ಬಲಗೈಯ ಅಂಚು ದಪ್ಪ ತಂತಿಗಳ ಮೇಲೆ ಮಲಗಿರಬೇಕು, ಎಡಗೈಯ ತೋರುಬೆರಳು ಒಂದನ್ನು ಒತ್ತುತ್ತಲೇ ತುದಿಯಿಂದ ಪಕ್ಕದ ದಪ್ಪದ್ದನ್ನು ಮುಟ್ಟಿರಬೇಕು, ಹೊಟ್ಟೆಯಿಂದ ಸಣ್ಣವನ್ನು ಸವರಿರಬೇಕು, ಒತ್ತಬಾರದು, ಮುಟ್ಟಬೇಕು, ಮಲಗಿದ ಮಗುವಿನ ಹಣೆ ಮುಟ್ಟಿ ಜ್ವರ ನೋಡುವಷ್ಟು. ನನ್ನ ತೋರುಬೆರಳ ತುದಿಗೆ ಆ ಮುಟ್ಟು ತಿಳಿಯುತ್ತಿಲ್ಲ. ನಾಲ್ಕು ತಿಂಗಳಾಯಿತು, ಹಾಲಿನ ಪಾತ್ರೆ ಇಳಿಸುವಾಗ ಬಿಸಿ ಹೆಬ್ಬೆರಳಿಗೆ ಮಾತ್ರ ತಗುಲಿತು, ತೋರುಬೆರಳು ಯಾರದೋ ಮನೆಯ ಬೆರಳಿನ ಹಾಗೆ ಸುಮ್ಮನೆ ಅಂಟಿಕೊಂಡಿತ್ತು, ಆಮೇಲೆ ಗುಳ್ಳೆ ಎದ್ದಿತು, ನೋವಿಲ್ಲದ ಗುಳ್ಳೆ. ಡಾಕ್ಟರು ಕಣ್ಣು ಮುಚ್ಚಿಸಿದರು, ಸೂಜಿ ತಗಲಿದಾಗ ಹೂಂ ಅನ್ನಿ. ಹೂಂ ಅಂದೆ. ಮತ್ತೆ ಹೂಂ ಅಂದೆ. ಮೂರನೆಯ ಸಲವೂ ಅಂದೆ. ಡಾಕ್ಟರು ನಕ್ಕುಬಿಟ್ಟರು, ನಾನಿನ್ನೂ ಚುಚ್ಚೇ ಇಲ್ವಲ್ಲಮ್ಮ. ಕತ್ತಿನ ಹತ್ತಿರ ನರ ಒತ್ತಿಕೊಂಡಿದೆಯಂತೆ, ಇರೋದನ್ನ ಉಳಿಸ್ಕೋಬಹುದು, ಹೋಗಿರೋದು ಬರೋದು ಕಷ್ಟ, ಏನು ಕೆಲಸ ಮಾಡ್ತೀರಿ ನೀವು? ಟೀಚರ್ ಅಂದೆ. ಪೂರ್ತಿ ಸುಳ್ಳಲ್ಲ. ಅವರು ಬರೆದ ಚೀಟಿ ಪರ್ಸಿನಲ್ಲೇ ಮಡಚಿಕೊಂಡಿದೆ, ನಾನು ತಂತಿ ಬದಲಾಯಿಸಿದೆ, ಕುರ್ಚಿ ಬದಲಾಯಿಸಿದೆ, ಎ.ಸಿ. ಜಾಸ್ತಿಯಾಯಿತು ಕೈ ಮರಗಟ್ಟುತ್ತೆ ಅಂದೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಮಾವ ಇದ್ದಿದ್ದರೆ ಇದನ್ನೇ ಅನ್ನುತ್ತಿದ್ದ, ಮುಖಕ್ಕೆ ಹೊಡೆದ ಹಾಗೆ.

ಮಾವ, ಅಮ್ಮನ ತಮ್ಮ, ಹಗಲು ಟೈಪ್‌ರೈಟರ್ ರಿಪೇರಿ, ಸಂಜೆ ದೊಡ್ಡ ಹೋಟೆಲಿನ ಹಾಲ್‌ನಲ್ಲಿ ಚಮಚ ತಟ್ಟೆಗಳ ಸದ್ದಿನ ನಡುವೆ ಗಿಟಾರು, ಅವನ ಬೆರಳಿಗೆ ಯಾವಾಗಲೂ ಮೆಷಿನ್ ಎಣ್ಣೆಯ ವಾಸನೆ. ನಾವಿಬ್ಬರೂ ಅವನ ಅಂಗಡಿಯ ಹಿಂದಿನ ಕೋಣೆಯಲ್ಲಿ ಎರಡು ಸ್ಟೂಲಿನ ಮೇಲೆ, ಅಕ್ಕ ಕಿಟಕಿಯ ಕಡೆ, ನಾನು ಬಾಗಿಲ ಕಡೆ, ಸುತ್ತ ಕಪಾಟಿನಲ್ಲಿ ಹಲ್ಲು ಕಿತ್ತ ಟೈಪ್‌ರೈಟರುಗಳು. ನುಡಿಸೋದು ಕೈಯಿದ್ದೋರೆಲ್ಲ ನುಡಿಸ್ತಾರೆ, ಸುಮ್ಮನಿರಿಸೋದು ಕಲೀರಿ, ಒಂದು ಮಾತಾಡುವಾಗ ಐದು ಸುಮ್ಮನಿರ್ಬೇಕು, ನಮ್ಮನೆ ತರ ಅಲ್ಲ. ವೇಗದ ನಡುವೆ ಥಟ್ಟನೆ ನಿಲ್ಲು ಅನ್ನುತ್ತಿದ್ದ, ಕೈ ಅಲ್ಲೇ ಹೆಪ್ಪುಗಟ್ಟಬೇಕು, ಯಾವ ತಂತಿಯೂ ಉಳಿಯಬಾರದು, ಉಳಿದರೆ ಮೂರನೆಯ ಕಪಾಟಿನ ಹಳೇ ಟೈಪ್‌ರೈಟರಿನ ಸಡಿಲ ಗಂಟೆ ತಾನೂ ಸಣ್ಣಗೆ ಜಿಣಿಜಿಣಿ ಅನ್ನುತ್ತಿತ್ತು, ಮಾವ ಗಾಬರಿಯ ನಟನೆ ಮಾಡಿ ಸುತ್ತ ನೋಡುತ್ತಿದ್ದ, ನಾವು ಇರೋದು ಮೂರು ಜನ, ಈ ನಾಲ್ಕನೆಯವರು ಯಾರಮ್ಮ ಮಾತಾಡ್ತಿರೋದು? ನಾನು ನಗುತ್ತಿದ್ದೆ, ಹೊಟ್ಟೆಯೊಳಗೆ ಉರಿಯುತ್ತಿತ್ತು, ಏಕೆಂದರೆ ಆ ನಾಲ್ಕನೆಯವರು ಯಾವಾಗಲೂ ನನ್ನ ಗಿಟಾರಿನಿಂದ ಬರುತ್ತಿದ್ದರು. ಅಕ್ಕ ನಿಂತರೆ ಗೋಡೆ ನಿಂತ ಹಾಗೆ. ನನಗೆ ಮೂರು ತಿಂಗಳು ಹಿಡಿದದ್ದು ಅವಳಿಗೆ ಒಂದು ವಾರ, ಅವಳ ಎಡಗೈ ನೋಡಿದರೆ ಏನೂ ಮಾಡುತ್ತಿಲ್ಲ ಅನ್ನಿಸುತ್ತಿತ್ತು, ಸ್ವರಗಳು ತಾವಾಗಿಯೇ ಬಂದು ತಾವಾಗಿಯೇ ಬಾಗಿಲು ಹಾಕಿಕೊಂಡು ಹೋಗುತ್ತಿದ್ದವು. ದೊಡ್ಡೋಳು ಹುಟ್ಟಿ ಬಂದವಳು, ಚಿಕ್ಕೋಳು ಕಲಿತು ಬಂದವಳು, ಎಂದು ಮಾವ ಅಮ್ಮನಿಗೆ ಹೇಳಿದ್ದು ಬಾಗಿಲ ಹಿಂದೆ ನಿಂತ ನನಗೆ ಕೇಳಿಸಿತು. ನನ್ನ ಕಿವಿ ಚುರುಕು. ಯಾವತ್ತಿಗೂ ಚುರುಕು.

ಅಕ್ಕನದು ಮಂದವಾಗುತ್ತಿತ್ತು. ಮೊದಲು ಏನಂದೆ, ಏನಂದೆ ಎಂದು ಎರಡೆರಡು ಸಲ ಕೇಳಿದಳು, ಆಮೇಲೆ ಕೇಳುವುದು ಬಿಟ್ಟು ಬಾಯಿ ನೋಡಲು ಹತ್ತಿದಳು, ಒಂದು ದಿನ ಅಂಗಡಿಯ ಮೆಟ್ಟಿಲ ಮೇಲೆ ನನ್ನ ತೋಳು ಹಿಡಿದು ಕೂರಿಸಿದಳು, ಪುಟ್ಟಿ, ನನಗೆ ಸಣ್ಣ ಸದ್ದು ಕೇಳಿಸ್ತಿಲ್ಲ ಕಣೇ, ನುಡಿಸಿದ್ದು ಸಿಗುತ್ತೆ, ಹಿಂದೆ ಉಳ್ಕೊಳ್ಳೋ ಝೂಂ ಸಿಗಲ್ಲ, ತಂತಿ ಕೂಗ್ತಾ ಇದ್ರೂ ನನಗೆ ಗೊತ್ತಾಗಲ್ಲ, ಯಾರಿಗೂ ಹೇಳ್ಬೇಡ, ಅಮ್ಮ ಅತ್ತುಬಿಡ್ತಾಳೆ, ಮಾವ ನಿಲ್ಲಿಸಿಬಿಡ್ತಾನೆ. ಆಗ ಅವಳಿಗೆ ಇಪ್ಪತ್ತೆರಡು, ನನಗೆ ಹತ್ತೊಂಬತ್ತು. ನಿನ್ನ ಕಿವಿ ಕೊಡು ಸಾಕು ಅಂದಳು. ಕೊಟ್ಟೆ. ಅವಳು ನುಡಿಸುವಾಗ ಎದುರಿಗೆ ಕೂರುತ್ತಿದ್ದೆ, ಮಡಿಲಲ್ಲಿ ಕೈ, ಮೂರನೆಯದು ಉಳಿದರೆ ಮೂರು ಬೆರಳು, ಐದನೆಯದಾದರೆ ಐದು, ಆರಕ್ಕೆ ಮುಷ್ಟಿ, ಅವಳ ಕಣ್ಣು ನನ್ನ ಮಡಿಲಿಗೆ ಬಿದ್ದು ಏಳುವಷ್ಟರಲ್ಲಿ ಆ ತಂತಿ ಮಲಗಿರುತ್ತಿತ್ತು. ಎರಡು ವರ್ಷ. ಮಾವನಿಗೆ ಸುಳಿವಿಲ್ಲ. ಹಾಗೆ ನೋಡಿದರೆ ನಾನು ಕಲಿತದ್ದೇ ಆ ಎರಡು ವರ್ಷದಲ್ಲಿ, ಇನ್ನೊಬ್ಬರ ತಪ್ಪನ್ನು ದಿನವಿಡೀ ಕೇಳುತ್ತ ಕೂತವಳಿಗೆ ತನ್ನದು ಕೇಳಿಸದೆ ಇರುತ್ತದೆಯೇ, ಅವಳ ಕಿವಿಯಾಗಿ ಕೂತು ನಾನು ಅವಳ ಕೈ ಕದ್ದೆ, ಕದ್ದೆ ಅಂದರೆ ಕಲಿತೆ, ಅಷ್ಟಕ್ಕೆ ಯಾರೂ ನನ್ನನ್ನು ಬೈಯಲಾರರು.

ಹನ್ನೆರಡನೆಯ ಟೇಕೂ ಹಾಳು. ಬಾಗಿಲು ತೆರೆದು ರೆಕಾರ್ಡಿಸ್ಟ್ ಒಳಗೆ ಬಂದ, ಅವನ ಕೈಯಲ್ಲಿ ನೇರಳೆ ಬಣ್ಣದ ಬಟ್ಟೆಯ ಹೇರ್‌ಬ್ಯಾಂಡು, ಮಗಳದು ಮೇಡಂ, ಸ್ಕೂಲಿಗೆ ಬಿಟ್ಟು ಬರುವಾಗ ಜೇಬಲ್ಲೇ ಉಳ್ಕೊಂಡಿತ್ತು, ಇದನ್ನ ಮೇಲ್ಗಡೆ ಸುತ್ತಿಬಿಡೋಣ, ಖಾಲಿ ತಂತಿ ಯಾವುದೂ ಏಳಲ್ಲ, ಕೊನೇ ಸ್ವರ ಬೇರೆ ತೆಗೆದು ಅಂಟಿಸ್ತೀನಿ. ತಲೆ ತಗ್ಗಿಸಿಕೊಂಡೇ ಹೇಳಿದ. ಈಗಿನ ಹುಡುಗರು ಎಲ್ಲರೂ ಸುತ್ತುತ್ತಾರೆ, ತಪ್ಪೇನಿಲ್ಲ, ನಾನೇ ಅಂಥವರನ್ನು ನೋಡಿ ಕ್ಲಾಸಿನಲ್ಲಿ ಎಷ್ಟು ಸಲ ಅಂದಿಲ್ಲ, ದನಕ್ಕೆ ಬಾಯಿಕುಕ್ಕೆ ಹಾಕಿದ ಹಾಗೆ ಅದೇನ್ರೋ, ಕೈ ಇಲ್ಲವಾ ನಿಮಗೆ. ಸುತ್ತಿ ಅಂದೆ. ಅವನೇ ಸುತ್ತಿದ, ಗಿಟಾರಿನ ಕತ್ತಿಗೆ, ಎರಡು ಸುತ್ತು, ರೋಗಿಗೆ ಪಟ್ಟಿ ಕಟ್ಟುವವನ ಹಾಗೆ ಮೆತ್ತಗೆ. ಹದಿಮೂರನೆಯದಕ್ಕೆ ಆಗಿಹೋಯಿತು, ಒಂದು ಗುಂಗೂ ಇಲ್ಲ, ಒಣಗಿದ ಮರದ ಚೂರುಗಳನ್ನು ಸಾಲಾಗಿ ಜೋಡಿಸಿದ ಹಾಗೆ ಹದಿನಾಲ್ಕು ಸೆಕೆಂಡು, ಆಮೇಲೆ ಪಟ್ಟಿ ಬಿಚ್ಚಿ ಕೊನೆಯ ಉದ್ದ ಸ್ವರ, ಅದೊಂದನ್ನು ಯಾವ ಮಗುವಾದರೂ ನುಡಿಸಬಹುದು. ಮ್ಯೂಸಿಕ್ ಡೈರೆಕ್ಟರ್ ಸ್ಪೀಕರಿನಲ್ಲಿ ಸೂಪರ್ ಅಂದರು. ಗಿಟಾರನ್ನು ಪೆಟ್ಟಿಗೆಯಲ್ಲಿಟ್ಟು ಹೊರಡುವಾಗ ರೆಕಾರ್ಡಿಸ್ಟ್ ಬಾಗಿಲವರೆಗೂ ಬಂದ, ಹೇರ್‌ಬ್ಯಾಂಡು ನನ್ನ ಪೆಟ್ಟಿಗೆಯ ಮೇಲಿಟ್ಟ, ಇದು ನಿಮ್ಮ ಹತ್ರಾನೇ ಇರ್ಲಿ ಮೇಡಂ, ಯಾರಿಗೂ ಗೊತ್ತಾಗಲ್ಲ, ನಾನಂತೂ ಬಾಯಿ ಬಿಡಲ್ಲ. ಒಳ್ಳೆಯವನು. ಅವನ ಮುಖಕ್ಕೆ ಒಂದು ಬಾರಿಸಬೇಕು ಅನ್ನಿಸಿತು.

ಯಾರಿಗೂ ಗೊತ್ತಾಗಲ್ಲ, ಮೆಟ್ಟಿಲಿಳಿಯುತ್ತ, ಬಿಸಿಲಿಗೆ ಬಂದು ಕಣ್ಣು ಕಿರಿದು ಮಾಡುತ್ತ, ಯಾರಿಗೂ ಗೊತ್ತಾಗಲ್ಲ, ಬಸ್ ಸ್ಟಾಪಿನ ಕಬ್ಬಿಣದ ಬೆಂಚಿಗೆ ಪೆಟ್ಟಿಗೆ ಆನಿಸಿ ನಿಂತರೆ ಅದೇ ಮಾತು, ಇದೇ ಮಾತನ್ನು ನಾನು ನನಗೇ ಹೇಳಿಕೊಂಡಿದ್ದೆ, ಇಪ್ಪತ್ತೊಂಬತ್ತು ವರ್ಷದ ಹಿಂದೆ, ಆ ಕಾರಿಡಾರಿನಲ್ಲಿ. ಊರೂರು ತಿರುಗುವ ದೊಡ್ಡ ಆರ್ಕೆಸ್ಟ್ರಾದವರು ಬಂದಿದ್ದರು, ಅವರ ಗಿಟಾರಿಸ್ಟ್ ಬಿಟ್ಟು ಹೋಗಿದ್ದ, ಒಂದೇ ಜಾಗ, ಮಾವ ಹೋಟೆಲಿನ ಮ್ಯಾನೇಜರ ಕೈಕಾಲು ಹಿಡಿದು ನಮ್ಮಿಬ್ಬರ ಹೆಸರನ್ನೂ ಸೇರಿಸಿದ್ದ, ಯಾರಿಗೆ ಸಿಕ್ಕಿದ್ರೂ ಮನೆಗೇ ಬಂತಲ್ಲ ಅಂದಿದ್ದ. ಮನೆಗೆ ಬರುವುದು ಬೇರೆ, ನನಗೆ ಬರುವುದು ಬೇರೆ. ಹಾಲ್‌ನ ಹಿಂದಿನ ಕಾರಿಡಾರು, ಒಂದರ ಮೇಲೊಂದು ಪೇರಿಸಿದ ಕುರ್ಚಿಗಳು, ಗೋಡೆಗೆ ಒಂದು ಬೆಂಚು, ಮೂಲೆಯಲ್ಲಿ ಫಿನಾಯಿಲ್ ನೀರಿನ ಬಕೆಟ್ಟು, ಅದರ ಮೇಲೆ ನೆಲ ಒರೆಸುವ ಒದ್ದೆ ಬಟ್ಟೆ. ಮೊದಲು ಅಕ್ಕನ ಸರದಿ. ಒಳಗೆ ಕರೆಯುವುದಕ್ಕೆ ಇನ್ನೇನು ಎರಡು ನಿಮಿಷ, ಅವಳು ವೇಗದ ಭಾಗವನ್ನು ಒಮ್ಮೆ ಸಣ್ಣಗೆ ಓಡಿಸಿದಳು, ಐದನೆಯದು ಕೂಗುತ್ತಿತ್ತು, ಸಾಫಾಗಿ ಕೇಳಿಸುತ್ತಿತ್ತು, ಆ ದಿನ ಅವಳು ಹೊಸ ತಂತಿ ಹಾಕಿದ್ದಳು, ಹೊಸತಕ್ಕೆ ಕೊಬ್ಬು ಜಾಸ್ತಿ, ಬೆರಳನ್ನು ಒಂದು ಕೂದಲೆಳೆ ಹಿಂದೆ ಸರಿಸಿದ್ದರೆ ಮುಗಿಯುತ್ತಿತ್ತು. ಐದನೇದು ಕೂಗ್ತಿದೆಯಾ ಪುಟ್ಟಿ, ಎಂದು ಕೇಳಿದಳು. ನಾನು ಬಕೆಟ್ಟು ನೋಡುತ್ತಿದ್ದೆ. ಇಲ್ಲ ಕಣಕ್ಕ, ಕ್ಲೀನಾಗಿದೆ ಅಂದೆ. ಅಷ್ಟೇ. ಮೂರು ಮಾತು. ಮುಂಚೆ ಯೋಚಿಸಿದ್ದಲ್ಲ, ಯೋಚಿಸಿರಲಿಲ್ಲ ಎಂದು ಇಪ್ಪತ್ತೊಂಬತ್ತು ವರ್ಷ ಹೇಳಿಕೊಂಡಿದ್ದೇನೆ, ಆದರೆ ಬಾಯಿಗೆ ಅಷ್ಟು ಸಲೀಸಾಗಿ ಬಂದದ್ದು ಎಲ್ಲೋ ತಯಾರಾಗಿಯೇ ಇದ್ದಿರಬೇಕು. ಸರಿ ಹಾಗಾದ್ರೆ, ಅಂದಳು ಅಕ್ಕ.

ಒಳಗೆ ಆ್ಯಂಪಿನ ಸದ್ದು ದೊಡ್ಡದು, ಕಾರಿಡಾರಿನಲ್ಲಿ ನೊಣವಾಗಿದ್ದದ್ದು ಹಾಲ್‌ನಲ್ಲಿ ಕಾರ್ಖಾನೆಯ ಸೈರನ್ನಾಯಿತು, ಅವಳ ವೇಗ ಅಷ್ಟು ಚೆಂದ, ಅದರ ಕೆಳಗೆ ಐದನೆಯದು ಒಂದೇ ಸಮ ಊಳಿಡುತ್ತಿದೆ, ಆರ್ಕೆಸ್ಟ್ರಾದ ಯಜಮಾನ, ಉದ್ದ ಕೋಟಿನ ಮನುಷ್ಯ, ಹುಬ್ಬು ಗಂಟಿಕ್ಕಿ ಪಕ್ಕದವನ ಕಿವಿಯಲ್ಲಿ ಏನೋ ಅಂದ, ಮಾವ ಕುರ್ಚಿಯಿಂದ ಅರ್ಧ ಎದ್ದ. ವೇದಿಕೆಯಿಂದ ಅಕ್ಕ ನನ್ನನ್ನು ನೋಡಿದಳು. ನನ್ನ ಮಡಿಲನ್ನು. ನಾನು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದೆ, ಚಳಿಯಾದವಳ ಹಾಗೆ. ಇನ್ನೊಂದು ಸಲ ನೋಡಿದಳು. ಆಮೇಲೆ ನೋಡಲಿಲ್ಲ, ಕೊನೆಯವರೆಗೆ ನುಡಿಸಿ ಎದ್ದು ಬಂದಳು. ನನ್ನ ಸರದಿಯಲ್ಲಿ ನಾನು ಗೋಡೆ ನಿಂತ ಹಾಗೆ ನಿಂತೆ. ಕೋಟಿನ ಮನುಷ್ಯ ಚಪ್ಪಾಳೆ ತಟ್ಟಿದ, ಇದಪ್ಪಾ ಕೈ ಅಂದರೆ, ಅಕ್ಕನಿಗಿಂತ ತಂಗಿ ಜೋರು. ಮಾವ ಆಮೇಲೆ ಸಾಯುವ ತನಕ ನನಗೆ ಒಂದು ಸಲವೂ ನಿಲ್ಲು ಅನ್ನಲಿಲ್ಲ. ಹೊರಡುವ ಹಿಂದಿನ ದಿನ ಅಕ್ಕ ತನ್ನ ಗಿಟಾರನ್ನು ನನ್ನ ಪೆಟ್ಟಿಗೆಯಲ್ಲಿಟ್ಟಳು, ನಿನ್ನದಕ್ಕಿಂತ ಇದರ ಕತ್ತು ಸಪೂರ, ವೇಗಕ್ಕೆ ಒಳ್ಳೇದು, ತಗೊಂಡ್ಹೋಗು. ಬೇಡ ಅನ್ನಲಿಲ್ಲ. ಹನ್ನೆರಡು ವರ್ಷ ಊರೂರು, ಆಮೇಲೆ ಸ್ಟುಡಿಯೋಗಳು, ಶಿಷ್ಯರು, ಎಲ್ಲ ಇದರ ಮೇಲೆಯೇ, ಈಗ ತೊಡೆಗೆ ಒರಗಿರುವ ಇದೇ ಪೆಟ್ಟಿಗೆ. ಅಕ್ಕನ ಒಂದು ಕಿವಿಗೆ ಆಪರೇಷನ್ ಆಯಿತು, ಇದ್ದದ್ದೂ ಹೋಯಿತು, ಇನ್ನೊಂದು ತಾನಾಗಿಯೇ ಹೋಯಿತು. ಪುಸ್ತಕ ಹೊಲಿಯುವ ಬೈಂಡಿಂಗ್ ಅಂಗಡಿಗೆ ಸೇರಿದಳು, ಅಮ್ಮನನ್ನು ನೋಡಿಕೊಂಡಳು, ಕೊನೆಗೆ ಮಣ್ಣಿಗೂ ಕಳಿಸಿದಳು, ಈಗ ಆ ಅಂಗಡಿಯ ಹಿಂದೆಯೇ ಒಂದು ಕೋಣೆಯಲ್ಲಿದ್ದಾಳೆ. ತಿಂಗಳಿಗೆ ಎರಡು ಸಲ ಹೋಗುತ್ತೇನೆ, ಹಣ್ಣು ಕೊಡುತ್ತೇನೆ, ಹವಾಮಾನ ಮಾತಾಡುತ್ತೇವೆ. ನಾನು ಹತ್ತಬೇಕಾದ ಬಸ್ಸು ಮನೆಯದು, ಹತ್ತಿದ್ದು ಅವಳ ಕಡೆಯದು, ಟಿಕೆಟ್ ಕೊಡುವವನು ಕೇಳಿದಾಗಲೇ ನನಗೆ ಗೊತ್ತಾದದ್ದು.

ಗುಂಡಿ ಒತ್ತಿದರೆ ಅವಳ ಕೋಣೆಯಲ್ಲಿ ಗಂಟೆ ಬಡಿಯುವುದಿಲ್ಲ, ಬಲ್ಬು ಮಿನುಗುತ್ತದೆ, ಕಿಟಕಿಯಿಂದ ಕಾಣಿಸಿತು, ಮೂರು ಸಲ. ಬಾಗಿಲು ತೆರೆದಳು, ಕನ್ನಡಕ ಮೂಗಿನ ತುದಿಯಲ್ಲಿ, ಬೆರಳಿಗೆ ಅಂಟು ಮೆತ್ತಿದೆ, ಏನೇ, ಇವತ್ತು ನಿನ್ನ ದಿನ ಅಲ್ವಲ್ಲ, ಎಂದು ಇಡೀ ಬೀದಿಗೆ ಕೇಳಿಸುವ ಹಾಗೆ, ತನ್ನ ದನಿ ಎಷ್ಟು ದೊಡ್ಡದೆಂದು ಅವಳಿಗೆ ತಿಳಿಯುವುದಿಲ್ಲ. ಮೇಜಿನ ತುಂಬ ಹೊಲಿಯದ ಹಾಳೆಗಳ ಕಟ್ಟು, ಮೇಣ ಸವರಿದ ದಾರ. ನಾನು ಗೋಡೆಯ ಕಡೆ ಕೂತೆ, ಅಲ್ಲಲ್ಲ, ಈ ಕಡೆ ಕೂರು, ಮುಖ ಬೆಳಕಿಗೆ ಕೊಡು, ಇಲ್ದಿದ್ರೆ ನಿನ್ನ ಮಾತು ನನಗೆ ಸಿಗಲ್ಲ. ಕಿಟಕಿಗೆ ಎದುರಾಗಿ ಕೂತೆ, ಬೆಳಕು ನೇರ ಬಾಯಿಯ ಮೇಲೆ. ಬೇರೆಯವರ ಹತ್ತಿರ ಇಂಥದ್ದನ್ನು ಗೊಣಗಬಹುದು, ನುಂಗಿಕೊಂಡು ಹೇಳಬಹುದು, ಅವಳ ಹತ್ತಿರ ಒಂದೊಂದು ಅಕ್ಷರಕ್ಕೂ ತುಟಿ ಪೂರ್ತಿ ತೆರೆಯಬೇಕು. ಅವತ್ತು, ಸೆಲೆಕ್ಷನ್ ದಿನ, ಐದನೇದು ಕೂಗ್ತಾ ಇತ್ತು ಅಕ್ಕ, ನಾನು ಸುಳ್ಳು ಹೇಳ್ದೆ. ಅವಳು ನನ್ನ ತುಟಿಯನ್ನೇ ನೋಡುತ್ತಿದ್ದಳು. ಗೊತ್ತಾಗ್ಲಿಲ್ಲ, ಇನ್ನೊಂದ್ಸಲ ಹೇಳು. ಹೇಳಿದೆ. ಇನ್ನೂ ನಿಧಾನ. ನಾನು, ಸುಳ್ಳು, ಹೇಳ್ದೆ, ಬೇಕು ಅಂತಲೇ, ನೀನು ಸೋಲಲಿ ಅಂತ. ಸದ್ದೇ ಇಲ್ಲದೆ, ಬರೀ ತುಟಿಯಲ್ಲಿ, ಮೀನಿನ ಹಾಗೆ. ಅವಳು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು, ಮತ್ತೆ ಹಾಕಿಕೊಂಡಳು. ಮೊದಲನೇ ಸಲವೇ ಗೊತ್ತಾಯ್ತು, ಅಂದಳು, ಸುಮ್ನೆ ಇನ್ನೆರಡು ಸಲ ನೋಡೋಣ ಅನ್ನಿಸ್ತು.

ಮತ್ತೆ, ಗೊತ್ತಿತ್ತು ಕಣೇ ನನಗೆ, ಆಗಲೇ, ಅಲ್ಲೇ. ಹೇಗೆ ಎಂದೆ, ನಿನಗೆ ಕೇಳ್ತಿರಲಿಲ್ಲವಲ್ಲ. ಕಿವಿಗೆ ಕೇಳ್ತಿರಲಿಲ್ಲ, ಮೂಳೆಗೆ ಕೇಳ್ತಿತ್ತು. ತನ್ನ ಗದ್ದವನ್ನು ಬೆರಳಿನಿಂದ ಟಕಟಕ ಬಡಿದು ತೋರಿಸಿದಳು. ಆ ವಾರದಲ್ಲೇ ಗೊತ್ತಾಗಿದ್ದು, ಒಂದಿನ ಸುಸ್ತಾಗಿ ಗಿಟಾರಿನ ಅಂಚಿಗೆ ಗದ್ದ ಊರಿ ನುಡಿಸ್ತಿದ್ದೆ, ಅಯ್ಯೋ, ಒಂದೊಂದು ತಂತಿನೂ ತಲೆಯೊಳಗೇ ಬಂದ್ಬಿಡ್ತು ಪುಟ್ಟಿ, ಹಿಂದೆ ಉಳ್ಕೊಳ್ಳೋ ಝೂಂ ಸಮೇತ, ಎರಡು ವರ್ಷ ಆದಮೇಲೆ, ನಾನು ಅವತ್ತು ಒಬ್ಬಳೇ ಕೂತು ಅತ್ತೆ. ನಿನಗೆ ಹೇಳೋಣ ಅಂತಿದ್ದೆ, ಸುಮ್ನೆ ಹೇಳಿದ್ರೆ ಏನು ಮಜಾ ಅಂತ ತಡೆದೆ, ಕಾರಿಡಾರಲ್ಲಿ ಗದ್ದ ಊರ್ಕೊಂಡು ಕೂಗ್ತಿದೆಯಾ ಅಂತ ಕೇಳ್ತೀನಿ, ನೀನು ಹೌದಕ್ಕ ಐದನೇದು ಅಂತೀಯ, ನಾನು ಗೊತ್ತು ಕಣೇ ಕಳ್ಳಿ, ನನಗೂ ಕೇಳ್ತು ಅಂತೀನಿ, ನೀನು ಬೆಚ್ಚಿಬೀಳ್ತೀಯ, ಇಬ್ಬರೂ ನಗೋಣ, ಹೀಗೆಲ್ಲ ಅಂದ್ಕೊಂಡಿದ್ದೆ. ದಾರಕ್ಕೆ ಮೇಣ ಸವರುತ್ತ ಹೇಳುತ್ತಿದ್ದಾಳೆ, ಕೈ ನಿಲ್ಲಿಸಿಲ್ಲ. ನೀನು ಇಲ್ಲ ಅಂದೆ. ನಾಲಿಗೆಗೆ ಎಲುಬಿಲ್ಲ ಅಂತಾರೆ, ಗದ್ದಕ್ಕಿದೆಯಲ್ಲ. ನಾನು ಕೇಳಿದೆ, ಮತ್ತೆ ಒಳಗೆ ಹೋಗಿ ಸರಿಮಾಡ್ಕೋಬಹುದಿತ್ತು, ಬೆರಳು ಸರಿಸಿದ್ರೆ ಆಗ್ತಿತ್ತು. ನೋಡಿದೆನಲ್ಲ ನಿನ್ನ, ಎರಡು ಸಲ ನೋಡಿದೆ, ಕೈ ತೊಡೆ ಕೆಳಗೆ ಇಟ್ಕೊಂಡಿದ್ದೆ ನೀನು. ಆಮೇಲೆ ಬೆರಳು ಇನ್ನೂ ಸ್ವಲ್ಪ ಎತ್ತಿದೆ. ಕೂಗಲಿ ಅಂತ ನಾನೇ ಬಿಟ್ಟೆ. ಯಾಕೆ ಎಂದು ನನ್ನ ತುಟಿ ಆಡಿತೋ ಇಲ್ಲವೋ, ಅವಳಿಗೆ ಸಿಕ್ಕಿತು. ಯಾಕೆ ಅಂದ್ರೆ, ಗೆದ್ದು ಏನು ಮಾಡ್ಬೇಕಿತ್ತು ನಾನು, ಮನೆಗೆ ಬಂದು ಯಾರಿಗೆ ಹೇಳ್ಬೇಕಿತ್ತು? ಅವಳು ಅತ್ತಿದ್ದರೆ ಒಳ್ಳೆಯದಿತ್ತು, ಬೈದಿದ್ದರೆ ಒಳ್ಳೆಯದಿತ್ತು. ನಾನು ತೋರುಬೆರಳು ಅವಳ ಮುಂದೆ ಹಿಡಿದೆ, ಇದಕ್ಕೆ ಈಗ ಏನೂ ತಿಳಿಯಲ್ಲ ಅಕ್ಕ, ಅಂದೆ, ಏಕೆ ಹೇಳಿದೆನೋ, ಶಿಕ್ಷೆ ಆಗಿದೆ ನೋಡು ಎಂದು ತೋರಿಸಲಿಕ್ಕೋ, ಕನಿಕರ ಬೇಡಲಿಕ್ಕೋ. ಅವಳು ಬೆರಳನ್ನು ಹಿಡಿದು ಅತ್ತಿತ್ತ ತಿರುಗಿಸಿ ನೋಡಿದಳು, ಹೊಲಿಗೆ ಸರಿ ಬಂದಿದೆಯೋ ಇಲ್ಲವೋ ನೋಡುವ ಹಾಗೆ, ಬಿಟ್ಟಳು. ಪಾಪ ಅಂದಳು. ಯಾರಿಗಾದರೂ ಅನ್ನುವ ಹಾಗೆ. ಈಗ ಮೂಳೆಗೂ ಕೇಳಲ್ಲ, ಅದು ಹೋಗಿ ಹತ್ತು ವರ್ಷ ಆಯ್ತು, ಅಂದಳು, ಇನ್ನೂರು ರಿಜಿಸ್ಟರ್ ಹೊಲೀಬೇಕು ಕಣೇ, ಬೆಳಕಿರುವಾಗಲೇ, ನೀನು ಹೊರಡು.

ಬಸ್ಸಿನಲ್ಲಿ ಜಾಗ ಸಿಕ್ಕಿದೆ, ಕಿಟಕಿಯ ಪಕ್ಕ, ಪೆಟ್ಟಿಗೆ ಮೊಣಕಾಲುಗಳ ನಡುವೆ, ಮುಂದಿನ ಸೀಟಿನವಳು ಫೋನಿನಲ್ಲಿ ಯಾರಿಗೋ ಸಕ್ಕರೆ ಮುಗಿದಿದೆ ತಗೊಂಡು ಬಾ ಅನ್ನುತ್ತಿದ್ದಾಳೆ, ನಾಳೆ ಬೆಳಿಗ್ಗೆ ಹತ್ತಕ್ಕೆ ಕ್ಲಾಸಿದೆ, ಐದು ಜನ, ಅವರಿಗೆ ಸುಮ್ಮನಿರಿಸುವುದು ಹೇಗೆಂದು ಹೇಳಿಕೊಡಬೇಕು, ಹೇಳಿಕೊಡಬಹುದು, ಬಾಯಿ ಇದೆಯಲ್ಲ, ಡಾಕ್ಟರ ಚೀಟಿ ತೆಗೆಯಬೇಕು, ರೆಕಾರ್ಡಿಸ್ಟನಿಗೆ ಫೋನ್ ಮಾಡಿ ಇನ್ನು ಕರೆಯಬೇಡಿ ಅನ್ನಬೇಕು, ಅನ್ನುತ್ತೇನೆಯೇ, ಗೊತ್ತಿಲ್ಲ. ನಾನು ಕದ್ದೆ ಅಂದುಕೊಂಡಿದ್ದೆ, ಕದ್ದದ್ದಕ್ಕೆ ಒಂದು ಬಿಗಿ ಇರುತ್ತದೆ, ಪಾಪವಾದರೂ ನನ್ನದೇ ಪಾಪ, ನಾನೇ ಮಾಡಿದ್ದು, ಅವಳು ಬೆರಳು ಎತ್ತಿ ಅದನ್ನೂ ನನ್ನ ಕೈಗೆ ಹಾಕಿದ್ದಳು, ಹಾಕಿ ಗಿಟಾರನ್ನೂ ಕೊಟ್ಟಿದ್ದಳು, ಇಪ್ಪತ್ತೊಂಬತ್ತು ವರ್ಷ ಹಣ್ಣು ತಿಂದಿದ್ದಳು, ಹವಾಮಾನ ಮಾತಾಡಿದ್ದಳು. ನಾನು ಬಕೆಟ್ಟು ನೋಡುತ್ತಿದ್ದೆ ಅಂದೆನಲ್ಲ, ಬಕೆಟ್ಟು ನೋಡುತ್ತಿದ್ದೆ, ನಿಜ, ಆದರೆ ಕಣ್ಣಿನ ಕೊನೆಗೆ ಬೀಳದೆ ಇರುತ್ತದೆಯೇ, ಬಿದ್ದಿತ್ತು, ಬಿದ್ದದ್ದನ್ನು ಎಲ್ಲಿ ಬಚ್ಚಿಟ್ಟಿದ್ದೆ, ಈಗ ಬರುತ್ತಿದೆ — ಅವಳು ಕಾರಿಡಾರಿನ ಬೆಂಚಿನ ಮೇಲೆ ಬಗ್ಗಿ ಕೂತಿದ್ದಾಳೆ, ಗಿಟಾರಿನ ಅಂಚಿಗೆ ಗದ್ದ ಊರಿದ್ದಾಳೆ, ತಲೆ ಓರೆ, ಕಣ್ಣು ಕೆಳಗಿನಿಂದ ಮೇಲಕ್ಕೆ ನನ್ನ ಕಡೆಗೆ. ಸಿಗ್ನಲ್ಲಿಗೆ ಬಸ್ಸು ನಿಂತಿದೆ, ಇಂಜಿನ್ನಿನ ನಡುಕ ಸೀಟಿನ ಕಬ್ಬಿಣಕ್ಕೆ, ಕ್ಲಾಸು ಹತ್ತಕ್ಕೆ, ಐದು ಜನ, ಮರದ ಮೇಲೆ ಗದ್ದ, ಕೂಗ್ತಿದೆಯಾ ಪುಟ್ಟಿ, ತುಟಿಯ ಎರಡೂ ಕೊನೆ ಒಳಗೆ ಎಳೆದುಕೊಂಡಿದ್ದಾಳೆ, ಅದೇಕೆ ಹಾಗೆ ಎಳೆದುಕೊಂಡಿದ್ದಳೆಂದು ನಾನು — ಹೆದರಿದ್ದಾಳೆ ಅಂದುಕೊಂಡೆ, ಸೆಲೆಕ್ಷನ್‌ಗೆ ಹೆದರಿದ್ದಾಳೆ ಅಂದುಕೊಂಡೆ, ಅದು ಹೆದರಿಕೆಯಲ್ಲ, ನಗು, ಬರುತ್ತಿರುವ ನಗುವನ್ನು ತಡೆದು ಹಿಡಿದಿದ್ದಾಳೆ, ಮರದ ಮೇಲೆ ಗದ್ದ ಊರಿ, ನಗು ತಡೆದು, ನಾನು ಬಾಯಿ ತೆರೆಯುವುದನ್ನೇ ಕಾಯುತ್ತಿದ್ದಾಳೆ, ಗದ್ದ ಊರಿ, ಕಣ್ಣೆತ್ತಿ, ಗದ್ದ ಊರಿ